ಶೃಂಗಸಭೆ ನಿಂತ್ರೂ ನೆರೆಯವರ ಜೊತೆಗಿನ ಕೆಲಸ ನಿಲ್ಲಬಾರದು

ಸಂಪಾದಕರಿಗೆ ನಮಸ್ಕಾರ,

2025ರ ಡಿಸೆಂಬರ್ 8ಕ್ಕೆ ಸಾರ್ಕ್, ಅಂದ್ರೆ ದಕ್ಷಿಣ ಏಷ್ಯಾದ ನೆರೆದೇಶಗಳ ಸಹಕಾರ ಕೂಟ, ಹುಟ್ಟಿ 40 ವರ್ಷ ತುಂಬ್ತು. 1985ರಲ್ಲಿ ಢಾಕಾದಲ್ಲಿ ಏಳು ದೇಶ ಸೇರಿ ಶುರು ಮಾಡಿದ್ದು, 2007ರಲ್ಲಿ ಅಫ್ಘಾನಿಸ್ತಾನ ಬಂದು ಎಂಟಾಯ್ತು. ನಲವತ್ತು ತುಂಬಿದ್ದರ ಬಗ್ಗೆ ನಾನು ಓದೋ ಪತ್ರಿಕೆಗಳಲ್ಲಿ, ನೋಡೋ ಚಾನೆಲ್‌ಗಳಲ್ಲಿ ಒಂದು ಸಾಲೂ ಕಣ್ಣಿಗೆ ಬೀಳ್ಲಿಲ್ಲ. ಯಾರಾದ್ರೂ ಮಾತೆತ್ತಿದ್ರೂ "ಅದು ಯಾವತ್ತೋ ಸತ್ತೋಯ್ತು ಬಿಡಿ" ಅನ್ನೋ ಒಂದೇ ಮಾತು. ನನಗೆ ಈ ಮಾತು ಒಪ್ಪಿಗೆ ಇಲ್ಲ. ನಾನು ತೀರ್ಥಹಳ್ಳಿ ಕಡೆ ಅಡಿಕೆ, ಕಾಳುಮೆಣಸು ಬೆಳೆಯೋನು. ನೆರೆದೇಶಗಳ ಜೊತೆ ದಿಲ್ಲಿಯಲ್ಲಿ ಆಗೋ ಒಪ್ಪಂದದ ಬಿಸಿ ಮೊದಲು ತಟ್ಟೋದು ನಮ್ಮ ಮಂಡಿ ರೇಟಿಗೆ, ಕೆಲವು ಸಲ ಆ ಒಪ್ಪಂದಗಳಿಂದ ನಾವು ಕೈ ಸುಟ್ಕೊಂಡಿದ್ದೀವಿ ಕೂಡ, ಆದ್ರೂ ನೆರೆಯವರ ಜೊತೆಗಿನ ಸಹಕಾರ ಇನ್ನೂ ಜಾಸ್ತಿ ಆಗ್ಬೇಕು ಅಂತ ನಾನು ಯಾಕೆ ಹೇಳ್ತೀನಿ ಅನ್ನೋದನ್ನ ಸ್ವಲ್ಪ ಬಿಡಿಸಿ ಬರೀತೀನಿ, ಉದ್ದ ಆದ್ರೆ ದಯವಿಟ್ಟು ಕತ್ತರಿಸದೆ ಹಾಕಿ.

ಮೊದಲು ಒಂದು ನೆನಪು ಮಾಡ್ಬೇಕು. ಸಾರ್ಕ್‌ನ ಎರಡನೇ ಶೃಂಗಸಭೆ ನಡೆದಿದ್ದು ನಮ್ಮ ಬೆಂಗಳೂರಲ್ಲಿ, 1986ರ ನವೆಂಬರ್ 16 ಮತ್ತು 17ಕ್ಕೆ. ರಾಜೀವ್ ಗಾಂಧಿ ಪ್ರಧಾನಿ, ಇಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ. ಕಾಠ್ಮಂಡುವಿನಲ್ಲಿ ಸಾರ್ಕ್‌ಗೆ ಒಂದು ಕಾಯಂ ಸಚಿವಾಲಯ ಬೇಕು ಅನ್ನೋ ಒಪ್ಪಂದ ಆಗಿದ್ದು ಈ ಬೆಂಗಳೂರು ಸಭೆಯಲ್ಲೇ, ಮರುವರ್ಷ ಜನವರಿಯಲ್ಲಿ ಅದು ಶುರುವೂ ಆಯ್ತು. ಶ್ರೀಲಂಕಾದಲ್ಲಿ ಆಗ ತಮಿಳರ ಪ್ರಶ್ನೆ ಹೊತ್ತಿ ಉರೀತಿತ್ತು. ಸಾರ್ಕ್ ಸನ್ನದು ಪ್ರಕಾರ ಎರಡು ದೇಶಗಳ ನಡುವಿನ ಜಗಳ ಅಜೆಂಡಾಕ್ಕೆ ಬರೋ ಹಾಗಿಲ್ಲ, ಆದ್ರೆ ಲಂಕಾದ ಅಧ್ಯಕ್ಷ ಜಯವರ್ಧನೆ ಅವರೂ ರಾಜೀವ್ ಅವರೂ ಒಂದೇ ಊರಲ್ಲಿ ಇದ್ದಿದ್ದರಿಂದ ಅದೇ ಹೊತ್ತಲ್ಲಿ ಪಕ್ಕದಲ್ಲಿ ಆ ಮಾತುಕತೆನೂ ನಡೀತು. ಇಂಥ ಸಭೆಗಳ ಅರ್ಧ ಉಪಯೋಗ ಇರೋದೇ ಹೀಗೆ, ಔಪಚಾರಿಕ ಭಾಷಣದಲ್ಲಿ ಏನಿರುತ್ತೋ ಬಿಡಿ, ಕಾಫಿ ಕುಡಿಯೋ ಹೊತ್ತಲ್ಲಿ ಆಗೋ ಮಾತಿಗೆ ಬೆಲೆ ಜಾಸ್ತಿ.

ಆಮೇಲೆ ಕೊನೆಯ ಶೃಂಗಸಭೆ ಆಗಿದ್ದು 2014ರ ನವೆಂಬರ್‌ನಲ್ಲಿ ಕಾಠ್ಮಂಡುವಿನಲ್ಲಿ. 2016ಕ್ಕೆ ಇಸ್ಲಾಮಾಬಾದ್‌ನಲ್ಲಿ ಆಗ್ಬೇಕಿತ್ತು, ಸೆಪ್ಟೆಂಬರ್‌ನಲ್ಲಿ ಕಾಶ್ಮೀರದ ಉರಿ ಸೇನಾ ಶಿಬಿರದ ಮೇಲೆ ದಾಳಿ ಆಯ್ತು, ಭಾರತ ಬರಲ್ಲ ಅಂತು, ಬಾಂಗ್ಲಾದೇಶ, ಭೂತಾನ್, ಅಫ್ಘಾನಿಸ್ತಾನನೂ ಬರಲ್ಲ ಅಂದ್ವು, ಅಲ್ಲಿಗೆ ನಿಂತಿದ್ದು ಇವತ್ತಿನವರೆಗೂ ನಿಂತೇ ಇದೆ.

ಪಾಕಿಸ್ತಾನ ಇರೋ ಕೂಟದಲ್ಲಿ ನಾವು ಹೇಗೆ ಕೂರೋದು ಅಂತ ಕೇಳೋರಿದ್ದಾರೆ. ಈ ಪ್ರಶ್ನೆನ ನಾನು ಹಗುರವಾಗಿ ತಗೊಳ್ಳೋದಿಲ್ಲ. 2025ರ ಏಪ್ರಿಲ್ 22ಕ್ಕೆ ಪಹಲ್ಗಾಮ್‌ನಲ್ಲಿ ಸಾಯಿಸಿದ 26 ಜನರಲ್ಲಿ ನಮ್ಮ ಶಿವಮೊಗ್ಗದವರೂ ಒಬ್ಬರಿದ್ರು. ಆ ವಾರ ನಮ್ಮ ಜಿಲ್ಲೆಯಲ್ಲಿ ಇದನ್ನ ಬಿಟ್ಟು ಬೇರೆ ಮಾತೇ ಇರ್ಲಿಲ್ಲ, ಆ ಸಿಟ್ಟು, ಸಂಕಟ ಎರಡೂ ಇನ್ನೂ ಆರಿಲ್ಲ, ಆರಬೇಕು ಅಂತಾನೂ ನಾನು ಹೇಳ್ತಿಲ್ಲ. ಅಂಥ ಸರ್ಕಾರದ ಮುಖ್ಯಸ್ಥರ ಪಕ್ಕ ನಿಂತು ಫೋಟೋ ತೆಗೆಸ್ಕೊಳ್ಳಲ್ಲ ಅಂತ ನಮ್ಮ ಪ್ರಧಾನಿ ಹೇಳಿದ್ರೆ ಅದು ಅವರ ತೀರ್ಮಾನ, ಅದಕ್ಕೆ ಕಾರಣ ಇದೆ. ನನ್ನ ತಕರಾರು ಅದಲ್ಲ. ನಾಯಕರ ಸಭೆ ನಿಂತ ಕೂಡ್ಲೇ ಕೆಳಗಿನ ಕೆಲಸನೂ ಯಾಕೆ ಮಂಕಾಗಬೇಕು? ಕೃಷಿ ವಿಜ್ಞಾನಿಗಳು, ಕಸ್ಟಮ್ಸ್ ಅಧಿಕಾರಿಗಳು, ಹವಾಮಾನದವರು, ನದಿ ನೀರು ಅಳೆಯೋರು, ವಿದ್ಯುತ್ ಎಂಜಿನಿಯರ್‌ಗಳು, ಇವರೆಲ್ಲ ಕೂತು ಮಾತಾಡೋ ಜಾಗ ಯಾಕೆ ಖಾಲಿ ಬೀಳಬೇಕು? ಒಬ್ಬನ ಮೇಲಿನ ಸಿಟ್ಟಿಗೆ ಉಳಿದ ಆರು ದೇಶದ ಜೊತೆಗಿನ ಬಾಗಿಲನ್ನೂ ಅರ್ಧ ಮುಚ್ಚಿದ್ರೆ ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ ಹಾಗಾಗುತ್ತೆ.

ಇನ್ನೊಂದು ವಿಷಯ ಜನ ಮರ್ತಿದ್ದಾರೆ. 2001ರ ಡಿಸೆಂಬರ್‌ನಲ್ಲಿ ನಮ್ಮ ಸಂಸತ್ತಿನ ಮೇಲೇ ದಾಳಿ ಆಯ್ತು, ಗಡಿಯಲ್ಲಿ ಸೈನ್ಯ ನಿಂತಿತ್ತು, ಆದ್ರೂ 2002ರ ಜನವರಿಯಲ್ಲಿ ಕಾಠ್ಮಂಡು ಸಾರ್ಕ್ ಸಭೆಗೆ ವಾಜಪೇಯಿ ಅವರು ಹೋದ್ರು. ಎರಡು ವರ್ಷ ಬಿಟ್ಟು 2004ರ ಜನವರಿಯಲ್ಲಿ ಇಸ್ಲಾಮಾಬಾದ್ ಸಾರ್ಕ್ ಸಭೆಗೂ ಹೋದ್ರು, ಹೋಗಿದ್ದಕ್ಕೆ ಎರಡು ಸಿಕ್ತು. ಒಂದು, ತನ್ನ ಹಿಡಿತದಲ್ಲಿರೋ ನೆಲವನ್ನ ಭಯೋತ್ಪಾದನೆಗೆ ಬಳಸೋಕೆ ಬಿಡಲ್ಲ ಅಂತ ಪಾಕಿಸ್ತಾನದ ಅಧ್ಯಕ್ಷರಿಂದ ಬರವಣಿಗೆಯಲ್ಲಿ ಬಂದ ಜಂಟಿ ಹೇಳಿಕೆ. ಇನ್ನೊಂದು, ಸಾಫ್ಟಾ ಅನ್ನೋ ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಒಪ್ಪಂದ. ಆ ಮಾತನ್ನ ಪಾಕಿಸ್ತಾನ ಉಳಿಸ್ಕೊಂಡಿಲ್ಲ, 2008ರಲ್ಲಿ ಮುಂಬೈ ದಾಳಿ ಆಯ್ತು, ನಿಜ. ಆದ್ರೆ "ನೀನೇ ಬರೆದು ಕೊಟ್ಟಿದ್ದೀಯಲ್ಲ" ಅಂತ ಜಗತ್ತಿನ ಮುಂದೆ ತೋರಿಸೋಕೆ ನಮ್ಮ ಕೈಯಲ್ಲಿ ಒಂದು ಕಾಗದ ಇದ್ದಿದ್ದು ಅಲ್ಲಿಗೆ ಹೋಗಿದ್ದಕ್ಕೆ. ವಾಜಪೇಯಿ ಅವರನ್ನ ಮೆತ್ತಗಿನ ಮನುಷ್ಯ ಅಂತ ಯಾರೂ ಅನ್ನಲ್ಲ, ಪೋಖ್ರಾನ್ ಮಾಡಿದವರು, ಕಾರ್ಗಿಲ್ ನಡೆಸಿದವರು.

ಈಗ ನಮ್ಮ ಕಡೆಯ ವಿಷಯಕ್ಕೆ ಬರ್ತೀನಿ. 2018ರ ಮೇ ತಿಂಗಳಲ್ಲಿ ಮೆಕ್ಕೆಜೋಳದ ಸೈನಿಕ ಹುಳು, ಫಾಲ್ ಆರ್ಮಿ ವರ್ಮ್ ಅಂತಾರಲ್ಲ, ಅದು ಭಾರತದಲ್ಲಿ ಮೊದಲು ಕಂಡಿದ್ದು ನಮ್ಮ ಶಿವಮೊಗ್ಗ ಜಿಲ್ಲೆ ಹೊಲದಲ್ಲಿ, ಕಂಡು ಹಿಡಿದಿದ್ದು ನಮ್ಮ ಶಿವಮೊಗ್ಗ ಕೃಷಿ ಮತ್ತು ತೋಟಗಾರಿಕೆ ವಿವಿಯವರು. ಅಮೆರಿಕ ಮೂಲದ ಹುಳು, 2016ರಲ್ಲಿ ಆಫ್ರಿಕಾಕ್ಕೆ ಬಂತು, ಅಲ್ಲಿಂದ ಇಲ್ಲಿಗೆ. ನೋಡಿದವರಿಗೆ ಗೊತ್ತು ಅದರ ಕಾಟ. ಹುಳು ಸುಳಿಯೊಳಗೆ ಕೂತಿರುತ್ತೆ, ಮೇಲಿಂದ ಔಷಧಿ ಹೊಡೆದ್ರೆ ತಾಗಲ್ಲ, ಬೆಳಗ್ಗೆ ಹೊಲಕ್ಕೆ ಹೋದ್ರೆ ಸುಳಿ ತುಂಬ ಗರಗಸದ ಹೊಟ್ಟಿನ ತರ ಹಿಕ್ಕೆ, ಎಲೆ ಬಿಡಿಸಿದ್ರೆ ಸಾಲಾಗಿ ತೂತು. ಹುಳ ಹಿಡಿದು ನೋಡಿದ್ರೆ ತಲೆ ಮೇಲೆ ತಲೆಕೆಳಗಾದ ವೈ ಅಕ್ಷರದ ಹಾಗೆ ಗೆರೆ, ಬಾಲದ ಹತ್ತಿರ ಚೌಕಾಕಾರಕ್ಕೆ ನಾಲ್ಕು ಚುಕ್ಕಿ. ಅಕ್ಕಿ ತೌಡಿಗೆ ಬೆಲ್ಲ ಕಲಸಿ ಒಂದು ರಾತ್ರಿ ಹುಳಿ ಬರಿಸಿ ಅದಕ್ಕೆ ಔಷಧಿ ಸೇರಿಸಿ ಸುಳಿಗೆ ಚಿಟಿಕೆ ಚಿಟಿಕೆ ಹಾಕೋದು, ಇಲ್ಲಾಂದ್ರೆ ಮರಳು ಬೂದಿ ಹಾಕೋದು, ಹೆಣ್ಣಾಳು ಗಂಡಾಳು ಸೇರಿ ಸಾಲು ಸಾಲು ಬಗ್ಗಿ ಮಾಡ್ಬೇಕು, ಕೂಲಿ ಲೆಕ್ಕ ಹಾಕಿದ್ರೆ ಮೆಕ್ಕೆಜೋಳದಲ್ಲಿ ಏನೂ ಉಳಿಯಲ್ಲ.

ಈ ಹುಳದ ಪತಂಗ ಒಂದು ರಾತ್ರಿಗೆ ನೂರು ಕಿಲೋಮೀಟರ್ ತನಕ ಹಾರಬಲ್ಲದು. ಅದೇ ವರ್ಷದ ಕೊನೆಯೊಳಗೆ ಬಾಂಗ್ಲಾದೇಶ, ಶ್ರೀಲಂಕಾದಲ್ಲಿ ಕಾಣಿಸ್ಕೊಂಡ್ತು, 2019ರಲ್ಲಿ ನೇಪಾಳ, ಪಾಕಿಸ್ತಾನ. ವೀಸಾ ಕೇಳ್ಲಿಲ್ಲ, ಯಾವ ಚೆಕ್‌ಪೋಸ್ಟಲ್ಲೂ ನಿಲ್ಲಲಿಲ್ಲ. ಶಿವಮೊಗ್ಗದ ರೈತ ಕಲಿತಿದ್ದು ಲಂಕಾದ ರೈತನಿಗೆ ಆ ಸೀಸನ್‌ನಲ್ಲೇ ತಲುಪಬೇಕು, ಅಲ್ಲಿನವರು ಯಾವುದಾದ್ರೂ ಪರೋಪಜೀವಿ ಕೀಟ ಬಿಟ್ಟು ಗೆದ್ದಿದ್ರೆ ಅದು ನಮಗೆ ಗೊತ್ತಾಗಬೇಕು. ಢಾಕಾದಲ್ಲಿ ಸಾರ್ಕ್ ಕೃಷಿ ಕೇಂದ್ರ ಅಂತ ಇದೆ, 1988ರಲ್ಲಿ ಬೇರೆ ಹೆಸರಲ್ಲಿ ಶುರುವಾಗಿದ್ದು, ಅದರ ಕೆಲಸವೇ ಇಂಥದ್ದು. ಅದಕ್ಕೆ ದುಡ್ಡು, ಜನ, ದಿಲ್ಲಿಯ ಬೆಂಬಲ ಗಟ್ಟಿಯಾಗಿ ಸಿಗಬೇಕು ಅನ್ನೋದು ನನ್ನ ಮೊದಲ ಬೇಡಿಕೆ. ಇವತ್ತು ಸೈನಿಕ ಹುಳು, ನಾಳೆ ಅಡಿಕೆಗೆ ಏನು ಬರುತ್ತೋ, ಈಗಾಗ್ಲೇ ಎಲೆಚುಕ್ಕೆ ರೋಗ, ಹಳದಿ ಎಲೆ ರೋಗದಿಂದ ಮಲೆನಾಡು ಸೋತಿದೆ. ಅಡಿಕೆ ಬಾಂಗ್ಲಾದೇಶದಲ್ಲೂ ಬೆಳೀತಾರೆ, ಲಂಕಾದಲ್ಲೂ ಬೆಳೀತಾರೆ, ಭೂತಾನಲ್ಲೂ ಬೆಳೀತಾರೆ, ಮರಕ್ಕೆ ಬರೋ ಕಾಯಿಲೆಗೆ ದೇಶ ಯಾವ್ದು ಅಂತ ಗೊತ್ತಿರಲ್ಲ.

ಪಾಕಿಸ್ತಾನದ ಜೊತೆ ಇಂಥ ಕೆಲಸ ಆಗೋದೇ ಇಲ್ಲ ಅನ್ನೋರಿಗೆ ಮಿಡತೆ ವಿಷಯ ಹೇಳ್ಬೇಕು. ರಾಜಸ್ಥಾನದ ಮುನಾಬಾವ್, ಆ ಕಡೆ ಖೋಖ್ರಾಪಾರ್, ಈ ಗಡಿ ಜಾಗದಲ್ಲಿ ಎರಡೂ ದೇಶದ ಮಿಡತೆ ನಿಯಂತ್ರಣ ಅಧಿಕಾರಿಗಳು ದಶಕಗಳಿಂದ ಮಳೆಗಾಲದ ತಿಂಗಳುಗಳಲ್ಲಿ ಕೂತು ಮಾಹಿತಿ ಹಂಚ್ಕೊಳ್ತಾ ಬಂದಿದ್ದಾರೆ, ಎಲ್ಲಿ ಮೊಟ್ಟೆ ಇಟ್ಟಿದೆ, ಗಾಳಿ ಯಾವ ಕಡೆ, ಹಿಂಡು ಯಾವಾಗ ದಾಟಬಹುದು ಅಂತ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1964ರಲ್ಲಿ ಭಾರತ, ಪಾಕಿಸ್ತಾನ, ಇರಾನ್, ಅಫ್ಘಾನಿಸ್ತಾನ ಸೇರಿಸಿ ಮಾಡಿದ ಆಯೋಗ ಇದಕ್ಕೆಲ್ಲ ಬೆನ್ನಿಗಿದೆ. 2019ರಲ್ಲಿ ಅಂದ್ರೆ ಪುಲ್ವಾಮಾ, ಬಾಲಾಕೋಟ್ ಆದ ವರ್ಷವೇ ಈ ಸಭೆಗಳು ನಡೆದಿವೆ. ಯಾವ ಅಧಿಕಾರಿಯ ದೇಶಭಕ್ತಿನೂ ಅದರಿಂದ ಕಮ್ಮಿ ಆಗ್ಲಿಲ್ಲ, ಬಾರ್ಮೇರ್ ರೈತನ ಸಾಸಿವೆ, ಜೀರಿಗೆ ಉಳಿಯೋಕೆ ಆ ಮಾಹಿತಿ ಬೇಕಿತ್ತು ಅಷ್ಟೇ. ಚಂಡಮಾರುತದ್ದೂ ಇದೇ ಕಥೆ. 2021ರಲ್ಲಿ ನಮ್ಮ ಕರಾವಳಿಗೆ ಬಡಿದ ತೌಕ್ತೆ ಅನ್ನೋ ಹೆಸರು ಕೊಟ್ಟಿದ್ದು ಮ್ಯಾನ್ಮಾರ್, ಹೆಸರಿನ ಪಟ್ಟಿಯಲ್ಲಿ ಬಾಂಗ್ಲಾ, ಪಾಕಿಸ್ತಾನ, ಮಾಲ್ಡೀವ್ಸ್, ಲಂಕಾ ಎಲ್ಲ ಇದ್ದಾರೆ, ಮುನ್ಸೂಚನೆ ಹೋಗೋದು ದಿಲ್ಲಿಯ ನಮ್ಮ ಹವಾಮಾನ ಇಲಾಖೆಯಿಂದ.

ಇನ್ನು ಕಾಳುಮೆಣಸು. ಇದನ್ನ ಬರೆಯುವಾಗ ನನಗೆ ಈಗ್ಲೂ ಹೊಟ್ಟೆ ಉರಿಯುತ್ತೆ. 2016ರ ಸುಮಾರಿಗೆ ಕೆಜಿಗೆ ಏಳುನೂರರ ಹತ್ತಿರ ಇದ್ದ ಮೆಣಸು ಎರಡು ಮೂರು ವರ್ಷದಲ್ಲಿ ಮುನ್ನೂರು ಚಿಲ್ಲರೆಗೆ ಬಿತ್ತು. ಆ ಏಳುನೂರು ನೋಡಿ ಬಳ್ಳಿ ಹಾಕಿದವರು, ಸಾಲ ಮಾಡಿ ತೋಟಕ್ಕೆ ಪೈಪ್ ಎಳೆಸಿದವರು, ಮಗಳ ಮದುವೆ ಗೊತ್ತು ಮಾಡಿದವರು, ಎಲ್ಲರಿಗೂ ಹೊಡ್ತ. ಕಾರಣ ಹಲವು, ಜಗತ್ತಿನಲ್ಲೇ ಬೆಳೆ ಜಾಸ್ತಿ ಆಗಿತ್ತು, ಆದ್ರೆ ಒಂದು ದೊಡ್ಡ ಕಾರಣ ವಿಯೆಟ್ನಾಂ ಮೆಣಸು ಶ್ರೀಲಂಕಾ ದಾರಿಯಲ್ಲಿ ಬಂದಿದ್ದು. ಲೆಕ್ಕ ಸುಲಭ. ವಿಯೆಟ್ನಾಂನಿಂದ ನೇರ ತಂದ್ರೆ ಆಗ ಶೇಕಡಾ 50ರ ಮೇಲೆ ಸುಂಕ. ಶ್ರೀಲಂಕಾದಲ್ಲಿ ಬೆಳೆದಿದ್ದು ಅಂತ ಸರ್ಟಿಫಿಕೇಟ್ ಇದ್ರೆ ಸಾಫ್ಟಾ ಪ್ರಕಾರ ಶೇಕಡಾ 8, ಭಾರತ ಲಂಕಾ ಮುಕ್ತ ವ್ಯಾಪಾರ ಒಪ್ಪಂದದಲ್ಲಿ ವರ್ಷಕ್ಕೆ 2,500 ಟನ್ ತನಕ ಆ ಸುಂಕನೂ ಇಲ್ಲ. ವ್ಯಾಪಾರಿ ಬಿಡ್ತಾನಾ? ವಿಯೆಟ್ನಾಂ ಚೀಲ ಕೊಲಂಬೊದಲ್ಲಿ ಇಳೀತು, ಕಾಗದ ಬದಲಾಯ್ತು, ನಮ್ಮ ಬಂದರಿಗೆ ಬಂತು. ಕೊಡಗು, ಚಿಕ್ಕಮಗಳೂರು, ಹಾಸನ, ನಮ್ಮ ಕಡೆ ಬೆಳೆಗಾರರೆಲ್ಲ ಬೀದಿಗೆ ಇಳಿದ ಮೇಲೆ 2017ರ ಡಿಸೆಂಬರ್‌ನಲ್ಲಿ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಹಾಕಿದ್ರು, ಅಂದ್ರೆ ಅದಕ್ಕಿಂತ ಕಮ್ಮಿಗೆ ಹೊರಗಿಂದ ತರೋ ಹಾಗಿಲ್ಲ, 2020ರಲ್ಲಿ ಮೂಲ ದೇಶದ ಪುರಾವೆ ಆಮದುದಾರನೇ ಇಟ್ಕೊಳ್ಬೇಕು ಅಂತ ಕಸ್ಟಮ್ಸ್ ನಿಯಮ ಬಿಗಿ ಮಾಡಿದ್ರು.

ಇದನ್ನ ತೋರಿಸಿ ನಮ್ಮ ಬೆಳೆಗಾರ ಮಿತ್ರರು ಹಲವರು "ಸಾಫ್ಟಾನೂ ಬೇಡ ಸಾರ್ಕೂ ಬೇಡ, ಗೇಟ್ ಹಾಕಿ" ಅಂತಾರೆ. ಅವರ ನೋವು ನನ್ನದೂ ಹೌದು, ಆದ್ರೆ ಗೇಟ್ ಹಾಕಿದ್ರೆ ಮಾಲು ನಿಲ್ಲಲ್ಲ, ಕಳ್ಳದಾರಿ ಹಿಡಿಯುತ್ತೆ. ಅಡಿಕೆಯಲ್ಲಿ ನೋಡಿ, ಕನಿಷ್ಠ ಆಮದು ಬೆಲೆ ಕೆಜಿಗೆ 251 ರೂಪಾಯಿ ಇದ್ದಿದ್ದು 2023ರಲ್ಲಿ 351 ಮಾಡಿದ್ರು, ಆದ್ರೂ ಬರ್ಮಾ ಗಡಿಯಿಂದ ಮಿಜೋರಾಂ, ಅಸ್ಸಾಂ ದಾರಿಯಲ್ಲಿ ಕಳ್ಳ ಅಡಿಕೆ ಹಿಡಿದ ಸುದ್ದಿ ನಿಮ್ಮ ಪತ್ರಿಕೆಯಲ್ಲೇ ಎಷ್ಟು ಸಲ ಬಂದಿದೆ. ನೇಪಾಳದಲ್ಲಿ ಎಣ್ಣೆ ತಾಳೆ ಬೆಳೆಯೇ ಇಲ್ಲ, ಆದ್ರೆ ಒಂದು ಹೊತ್ತಲ್ಲಿ ಅಲ್ಲಿಂದ ಸುಂಕ ಇಲ್ಲದೆ ಪಾಮ್ ಎಣ್ಣೆ ರಾಶಿ ರಾಶಿ ನಮಗೆ ಬರ್ತಿತ್ತು. ಇದನ್ನೆಲ್ಲ ತಡೆಯೋಕೆ ನಮ್ಮ ಕಸ್ಟಮ್ಸ್ ಒಂದೇ ಸಾಕಾಗಲ್ಲ. ಲಂಕಾದಲ್ಲಿ ಈ ವರ್ಷ ನಿಜವಾಗ್ಲೂ ಎಷ್ಟು ಮೆಣಸು ಆಯ್ತು, ವಿಯೆಟ್ನಾಂನಿಂದ ಅವರು ಎಷ್ಟು ತರಿಸಿದ್ರು, ನಮಗೆ ಕಳಿಸಿದ್ದು ಎಷ್ಟು, ಈ ಮೂರು ಅಂಕಿ ಕೊಲಂಬೊ ಕಂಪ್ಯೂಟರ್‌ನಿಂದ ಚೆನ್ನೈ ಕಂಪ್ಯೂಟರ್‌ಗೆ ತಕ್ಷಣ ಬಂದ್ರೆ ಮೋಸ ಅಲ್ಲೇ ಗೊತ್ತಾಗುತ್ತೆ. ಅದಕ್ಕೆ ಅವರ ಅಧಿಕಾರಿ ನಮ್ಮ ಅಧಿಕಾರಿ ಫೋನಲ್ಲಿ ಹೆಸರು ಹಿಡಿದು ಮಾತಾಡೋ ಸಂಬಂಧ ಬೇಕು. ಲಂಕಾದ ಮೆಣಸು ಬೆಳೆಗಾರನಿಗೂ ಈ ದಂಧೆಯಿಂದ ಲಾಭ ಇಲ್ಲ, ಅವನ ಮೆಣಸಿನ ಹೆಸರು ಹಾಳಾಗುತ್ತೆ. ಅವನೂ ನಾವೂ ಒಂದೇ ಕಡೆ ನಿಲ್ಲಬೇಕಾದವರು. 2022ರಲ್ಲಿ ಭೂತಾನ್‌ನಿಂದ 17,000 ಟನ್ ಹಸಿ ಅಡಿಕೆಗೆ ಅನುಮತಿ ಕೊಟ್ಟಾಗ ನಮ್ಮಲ್ಲಿ ದೊಡ್ಡ ಗಲಾಟೆ ಆಯ್ತು. ನಮ್ಮ ರಾಜ್ಯವೊಂದೇ ಲಕ್ಷಗಟ್ಟಲೆ ಟನ್ ಬೆಳೆಯುತ್ತೆ, ಭೂತಾನ್ ರೈತ ನಿಜವಾಗ್ಲೂ ಬೆಳೆದ 17,000 ಟನ್‌ನಿಂದ ನಾವು ಮುಳುಗಲ್ಲ ಅಂತ ನನ್ನ ಅಭಿಪ್ರಾಯ. ಭೂತಾನ್ ಹೆಸರಲ್ಲಿ ಬೇರೆಯವರ ಅಡಿಕೆ ನುಗ್ಗಿದ್ರೆ ಮಾತ್ರ ಮುಳುಗ್ತೀವಿ.

ನಮ್ಮ ಕಡೆಯಿಂದ ಆಗೋ ತಪ್ಪನ್ನೂ ಹೇಳ್ಬೇಕು. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದಲ್ಲಿ ಬೆಳೆಯೋ ಗುಲಾಬಿ ಈರುಳ್ಳಿ, ಬೆಂಗಳೂರು ರೋಸ್ ಅಂತಾರೆ, ಈ ಸೀಮೆಯದ್ದೇ ಬೆಳೆ ಅನ್ನೋ ಜಿಐ ಟ್ಯಾಗ್ ಇದೆ. ಇದನ್ನ ನಮ್ಮ ಮನೆಗಳಲ್ಲಿ ಬಳಸೋದು ಕಮ್ಮಿ, ಹೋಗೋದೆಲ್ಲ ಶ್ರೀಲಂಕಾ, ಬಾಂಗ್ಲಾದೇಶ, ಮಲೇಷ್ಯಾ, ಸಿಂಗಪುರಕ್ಕೆ. 2019ರ ಸೆಪ್ಟೆಂಬರ್ 29ಕ್ಕೆ ದಿಲ್ಲಿಯಲ್ಲಿ ಈರುಳ್ಳಿ ರೇಟು ಏರಿತು ಅಂತ ರಾತ್ರೋರಾತ್ರಿ ರಫ್ತು ನಿಲ್ಲಿಸಿದಾಗ ಇದನ್ನೂ ಸೇರಿಸಿ ನಿಲ್ಲಿಸಿದ್ರು. ದಿಲ್ಲಿಯವರು ತಿನ್ನದ ಈರುಳ್ಳಿ ಇಲ್ಲೇ ಕೊಳೆಯೋಕೆ ಬಿಟ್ಟಂಗಾಯ್ತು. ಬೆಳೆಗಾರರು ಬಾಯಿ ಬಡ್ಕೊಂಡ ಮೇಲೆ ಒಂದು ತಿಂಗಳು ಬಿಟ್ಟು 9,000 ಟನ್‌ಗೆ, ಅದೂ ಚೆನ್ನೈ ಬಂದರಿಂದ ಮಾತ್ರ, ಅನುಮತಿ ಸಿಕ್ತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಮತ್ತೆ ಅದೇ. 2023ರಲ್ಲಿ ಮೊದಲು ಶೇಕಡಾ 40 ಸುಂಕ, ಡಿಸೆಂಬರ್‌ಗೆ ಪೂರ್ತಿ ನಿಷೇಧ. ಆ ಕಡೆ ಏನಾಯ್ತು? 2019ರ ಅಕ್ಟೋಬರ್‌ನಲ್ಲಿ ದಿಲ್ಲಿಗೆ ಬಂದಿದ್ದ ಬಾಂಗ್ಲಾದ ಆಗಿನ ಪ್ರಧಾನಿ ಶೇಖ್ ಹಸೀನಾ ಸಭೆಯಲ್ಲೇ ಇದನ್ನ ಎತ್ತಿದ್ರು, ಅಡುಗೆಯವನಿಗೆ ಈರುಳ್ಳಿ ಹಾಕ್ಬೇಡ ಅಂದಿದ್ದೀನಿ, ಮುಂದೆ ಇಂಥದ್ದು ಮಾಡೋ ಮೊದಲು ತಿಳಿಸಿ ಅಂತ. ನಗ್ತಾ ಹೇಳಿದ್ರು, ಆದ್ರೆ ಅವರ ದೇಶದವರು ಈಜಿಪ್ಟ್, ಟರ್ಕಿ, ಮ್ಯಾನ್ಮಾರ್‌ನಿಂದ ಈರುಳ್ಳಿ ತರಿಸ್ಕೊಂಡ್ರು. ಒಂದು ಸಲ ಕೈ ತಪ್ಪಿದ ಗಿರಾಕಿ ವಾಪಸ್ ಬರ್ತಾನೆ ಅನ್ನೋ ಗ್ಯಾರಂಟಿ ಯಾವ ವ್ಯಾಪಾರದಲ್ಲೂ ಇಲ್ಲ. ಒಂದು ತಿಂಗಳು ಮುಂಚೆ ನೋಟಿಸ್ ಕೊಡ್ಬೇಕು, ಪಕ್ಕದ ದೇಶಕ್ಕೆ ಇಷ್ಟು ಟನ್ ಅಂತ ಮೊದಲೇ ಕೋಟಾ ಇಡಬೇಕು, ಇಷ್ಟು ನಿಯಮ ಎಂಟು ದೇಶ ಸೇರಿ ಮಾಡ್ಕೊಂಡ್ರೆ ಚಿಕ್ಕಬಳ್ಳಾಪುರದ ರೈತನೂ ಉಳೀತಾನೆ.

ಒಟ್ಟು ಲೆಕ್ಕ ನೋಡಿದ್ರೆ ಬೇಜಾರಾಗುತ್ತೆ. ದಕ್ಷಿಣ ಏಷ್ಯಾ ದೇಶಗಳ ಒಟ್ಟು ವ್ಯಾಪಾರದಲ್ಲಿ ಅವರವರೊಳಗೆ ಆಗೋದು ಶೇಕಡಾ 5ರ ಸುಮಾರು, ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್‌ನಲ್ಲಿ ಅದು ಶೇಕಡಾ 25ರ ಹತ್ತಿರ. ಭಾರತದ ಒಂದು ಕಂಪನಿಗೆ ಪಕ್ಕದ ದೇಶದ ಜೊತೆ ವ್ಯಾಪಾರ ಮಾಡೋದಕ್ಕಿಂತ ಬ್ರೆಜಿಲ್ ಜೊತೆ ಮಾಡೋದು ಶೇಕಡಾ 20ರಷ್ಟು ಅಗ್ಗ ಬೀಳುತ್ತೆ ಅಂತ ವಿಶ್ವಬ್ಯಾಂಕ್ 2018ರಲ್ಲಿ ಹೇಳಿತ್ತು. ಬಂಗಾಳದಿಂದ ಬಾಂಗ್ಲಾದೇಶಕ್ಕೆ ಹೋಗೋ ಪೆಟ್ರಾಪೋಲ್ ಗಡಿಯಲ್ಲಿ ಲಾರಿ ದಾಟೋಕೆ ದಿನಗಟ್ಟಲೆ, ಅಲ್ಲಿ ಮಾಲು ಇಳಿಸಿ ಆ ಕಡೆ ಲಾರಿಗೆ ಮತ್ತೆ ತುಂಬಬೇಕು. ಪೂರ್ವ ಆಫ್ರಿಕಾದಲ್ಲಿ ಇಷ್ಟೇ ದಟ್ಟಣೆ ಇರೋ ಗಡಿಯನ್ನ 6 ಗಂಟೆಯೊಳಗೆ ದಾಟ್ತಾರಂತೆ. ಆಸಿಯಾನ್ ಕಟ್ಟಿದ್ದು 1967ರಲ್ಲಿ, ಅದಕ್ಕೆ ಒಂದೇ ವರ್ಷ ಮುಂಚೆ ತನಕ ಇಂಡೋನೇಷ್ಯಾ, ಮಲೇಷ್ಯಾ ಕಾಡಲ್ಲಿ ಗುಂಡು ಹಾರಿಸ್ಕೊಳ್ತಿದ್ವು. ಅವರು ನಮಗಿಂತ ಒಳ್ಳೆಯವರಾಗಿರ್ಲಿಲ್ಲ, ಕೂತು ಮಾತಾಡೋ ಅಭ್ಯಾಸ ಮಾಡ್ಕೊಂಡ್ರು.

ಆಗಲ್ಲ ಅನ್ನೋ ಹಾಗೂ ಇಲ್ಲ, ಆಗಿರೋದು ಕಣ್ಣ ಮುಂದೆ ಇದೆ. ಬಿಹಾರದ ಮೋತಿಹಾರಿಯಿಂದ ನೇಪಾಳದ ಅಮ್ಲೇಖ್‌ಗಂಜ್‌ಗೆ 69 ಕಿಲೋಮೀಟರ್ ಪೈಪ್‌ಲೈನ್‌ನಲ್ಲಿ 2019ರಿಂದ ಡೀಸೆಲ್ ಹೋಗ್ತಿದೆ. 2024ರ ನವೆಂಬರ್‌ನಲ್ಲಿ ನೇಪಾಳದ 40 ಮೆಗಾವ್ಯಾಟ್ ಜಲವಿದ್ಯುತ್ ನಮ್ಮ ಗ್ರಿಡ್ ಮೂಲಕ ಬಾಂಗ್ಲಾದೇಶಕ್ಕೆ ಹೋಯ್ತು. 40 ಮೆಗಾವ್ಯಾಟ್ ಅಂದ್ರೆ ಏನೂ ಅಲ್ಲ, ನಮ್ಮ ಶರಾವತಿ ಮುಂದೆ ಲೆಕ್ಕಕ್ಕೇ ಇಲ್ಲ, ಆದ್ರೆ ಮೂರು ದೇಶ ಸೇರಿ ತಂತಿಯಲ್ಲಿ ಕರೆಂಟ್ ಹರಿಸಿದ್ದು ಇದೇ ಮೊದಲು, ಅದೂ ಢಾಕಾದಲ್ಲಿ ಸರ್ಕಾರ ಬಿದ್ದು ದಿಲ್ಲಿ ಢಾಕಾ ಮಾತು ಹಳಸಿದ್ದ ಹೊತ್ತಲ್ಲಿ. ಇದಕ್ಕೆ ದಾರಿ ಹಾಕಿದ ವಿದ್ಯುತ್ ಒಪ್ಪಂದ ಸಹಿ ಆಗಿದ್ದು 2014ರ ಆ ಕೊನೆಯ ಕಾಠ್ಮಂಡು ಸಾರ್ಕ್ ಸಭೆಯಲ್ಲೇ ಅನ್ನೋದನ್ನ ಸಾರ್ಕ್ ದಂಡ ಅನ್ನೋರು ನೆನಪಿಡ್ಬೇಕು. ನಮ್ಮ ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ಕಟ್ಟಿದ ದಕ್ಷಿಣ ಏಷ್ಯಾ ಉಪಗ್ರಹನ 2017ರ ಮೇ 5ಕ್ಕೆ ಹಾರಿಸಿ ನೆರೆಯವರಿಗೆ ಉಚಿತವಾಗಿ ಕೊಟ್ವಿ, ಪಾಕಿಸ್ತಾನ ಹೊರಗೆ ಉಳೀತು, ಉಳಿದವರಿಗೆ ಉಪಗ್ರಹ ಸಿಕ್ತು. ಈ ಮಾದರಿ ನನಗೆ ಸರಿ ಕಾಣುತ್ತೆ. ಬರೋರು ಬರ್ಲಿ, ಬರದವರಿಗೆ ಜಾಗ ಖಾಲಿ ಇಟ್ಟು ಕೆಲಸ ಮುಂದುವರೀಲಿ. ಸಾರ್ಕ್ ಸನ್ನದಿನಲ್ಲಿ ಎಲ್ಲ ತೀರ್ಮಾನಕ್ಕೂ ಸರ್ವಾನುಮತ ಬೇಕು ಅಂತ ಇದೆ, ಎತ್ತು ಏರಿಗೆ ಎಳೀತು ಕೋಣ ನೀರಿಗೆ ಎಳೀತು ಅನ್ನೋ ಹಾಗಾಗಿರೋದು ಇದರಿಂದಲೇ. 2014ರಲ್ಲಿ ವಾಹನ ಸಂಚಾರ ಒಪ್ಪಂದಕ್ಕೆ ಪಾಕಿಸ್ತಾನ ಅಡ್ಡ ನಿಂತಾಗ ಮರುವರ್ಷ ಥಿಂಫುವಿನಲ್ಲಿ ಬಾಂಗ್ಲಾದೇಶ, ಭೂತಾನ್, ಭಾರತ, ನೇಪಾಳ ಅಷ್ಟೇ ಸಹಿ ಹಾಕಿದ್ವು. ಆಮೇಲೆ ಭೂತಾನ್ ತನ್ನ ರಸ್ತೆ, ಪರಿಸರ ತಡೆಯಲ್ಲ ಅಂತ ಹಿಂದೆ ಸರೀತು, ಅದು ಅವರ ಹಕ್ಕು, ಪುಟ್ಟ ದೇಶ.

ಪುಟ್ಟ ದೇಶಗಳ ಭಯನ ನಾವು ಅರ್ಥ ಮಾಡ್ಕೊಳ್ಳೋದೇ ಇಲ್ಲ. 2015ರ ಏಪ್ರಿಲ್‌ನಲ್ಲಿ ನೇಪಾಳದಲ್ಲಿ ಭೂಕಂಪ ಆಗಿ ಸುಮಾರು 9,000 ಜನ ಸತ್ತಾಗ ಮೊದಲು ಓಡಿದ್ದು ನಾವು, ಆ ಹೆಸರು ಪೂರ್ತಿ ಅನುಭವಿಸೋ ಮೊದ್ಲೇ ಸೆಪ್ಟೆಂಬರ್‌ನಲ್ಲಿ ಗಡಿ ಬಂದ್ ಆಗಿ ತಿಂಗಳುಗಟ್ಟಲೆ ಅಲ್ಲಿ ಗ್ಯಾಸ್ ಇಲ್ಲ, ಪೆಟ್ರೋಲ್ ಇಲ್ಲ, ಔಷಧಿ ಇಲ್ಲ. ಬಂದ್ ಮಾಡಿದ್ದು ನಾವಲ್ಲ ಅಂತ ದಿಲ್ಲಿ ಹೇಳ್ತು, ನೇಪಾಳಿಗಳು ನಂಬ್ಲಿಲ್ಲ, ಮರುವರ್ಷ ಚೀನಾ ಜೊತೆ ಸಾಗಣೆ ಒಪ್ಪಂದ ಮಾಡ್ಕೊಂಡ್ರು. ಅದೇ ಶ್ರೀಲಂಕಾ 2022ರಲ್ಲಿ ಡಾಲರ್ ಖಾಲಿಯಾಗಿ ಕುಸಿದಾಗ ನಾವು ಸುಮಾರು 400 ಕೋಟಿ ಡಾಲರ್ ನೆರವು ಕೊಟ್ವಿ, ಅದರಲ್ಲಿ 40 ಕೋಟಿ ಡಾಲರ್ ರಿಸರ್ವ್ ಬ್ಯಾಂಕ್ ಸಾರ್ಕ್ ದೇಶಗಳಿಗೆ ಅಂತ 2012ರಿಂದ ಇಟ್ಟಿರೋ ಕರೆನ್ಸಿ ವಿನಿಮಯ ವ್ಯವಸ್ಥೆಯಿಂದ ಹೋಗಿದ್ದು. ಲಂಕಾದ ಜನ ಅದನ್ನ ಮರೆತಿಲ್ಲ. 2025ರ ಜೂನ್‌ನಲ್ಲಿ ಚೀನಾದ ಕುನ್ಮಿಂಗ್‌ನಲ್ಲಿ ಚೀನಾ, ಪಾಕಿಸ್ತಾನ, ಬಾಂಗ್ಲಾದೇಶದ ಅಧಿಕಾರಿಗಳು ಸಭೆ ಸೇರಿದ್ರು, ಸಾರ್ಕ್ ಬದಲು ಹೊಸ ಕೂಟದ ಮಾತು ಕೇಳಿಬಂತು. ನಾವು ಖಾಲಿ ಬಿಟ್ಟ ಕುರ್ಚಿಯಲ್ಲಿ ಇನ್ಯಾರೋ ಕೂರ್ತಾರೆ ಅನ್ನೋದು ಇಷ್ಟು ಬೇಗ ಕಾಣುತ್ತೆ ಅಂತ ನಾನಂತೂ ಅಂದ್ಕೊಂಡಿರ್ಲಿಲ್ಲ.

ಸಾರ್ಕ್ ಬೇಡ, ಬಂಗಾಳ ಕೊಲ್ಲಿ ಸುತ್ತಲಿನ ದೇಶಗಳ ಕೂಟ ಬಿಮ್‌ಸ್ಟೆಕ್ ಇದೆಯಲ್ಲ ಅಂತಾರೆ. ಇರ್ಲಿ, ಬೆಳೀಲಿ, ಅದರ ಇಂಧನ ಕೇಂದ್ರಕ್ಕೆ ನಮ್ಮ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ (ಸಿಪಿಆರ್‌ಐ) ಆವರಣದಲ್ಲೇ ಜಾಗ ಆಗಿದೆ, ನಮ್ಮವರಿಗೆ ಎಷ್ಟು ಜನಕ್ಕೆ ಗೊತ್ತೋ. ಆದ್ರೆ ಬಿಮ್‌ಸ್ಟೆಕ್‌ನಲ್ಲಿ ಮಾಲ್ಡೀವ್ಸ್ ಇಲ್ಲ, ಅಫ್ಘಾನಿಸ್ತಾನ ಇಲ್ಲ, ಸಿಂಧೂ ಕಣಿವೆಯ ಪಾಕಿಸ್ತಾನ ಇಲ್ಲ. ಹಿಮಾಲಯದ ಹಿಮ ಕರಗೋದು, ಪಂಜಾಬ್‌ನ ಎರಡೂ ಕಡೆ ಹೊಲಕ್ಕೆ ಬೆಂಕಿ ಇಟ್ಟು ದಿಲ್ಲಿ ಲಾಹೋರ್ ಎರಡೂ ಕೆಮ್ಮೋದು, ಇದು ಬಂಗಾಳ ಕೊಲ್ಲಿ ಕೂಟದಲ್ಲಿ ಬಗೆಹರಿಯೋ ವಿಷಯ ಅಲ್ಲ. ಎರಡೂ ಬೇಕು.

ಜಗಳ ಇರೋವಾಗ ಕೆಲಸ ಹೇಗೆ ಅಂತ ನಮ್ಮನ್ನ ಯಾರಾದ್ರೂ ಕೇಳ್ಬೇಕಾ? ಕಾವೇರಿ ವಿಷಯದಲ್ಲಿ ನಾವೂ ತಮಿಳುನಾಡೂ ನೂರು ವರ್ಷದಿಂದ ಜಗಳ ಆಡ್ತಿದ್ದೀವಿ. 2016ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಲ್ಲಿ ಬಸ್ಸು ಸುಟ್ರು, ಲಾರಿ ಸುಟ್ರು. ಗಲಾಟೆ ಆರಿದ ಮೇಲೆ ಹೊಸೂರು ರಸ್ತೆಯಲ್ಲಿ ತರಕಾರಿ ಲಾರಿ ಮತ್ತೆ ಓಡಿದ್ವು, ಮೆಜೆಸ್ಟಿಕ್ ಕಡೆಯಿಂದ ಚೆನ್ನೈ ಬಸ್ಸು ಹೊರಟ್ವು. ನೀರಿನ ಕೇಸು ಕೋರ್ಟಲ್ಲಿ, ಆಮೇಲೆ ಕಾವೇರಿ ಪ್ರಾಧಿಕಾರದಲ್ಲಿ ಅದರ ಪಾಡಿಗೆ ನಡೀತಾ ಇತ್ತು, ಯಾವ ರೈತ ಸಂಘನೂ ತನ್ನ ಪಟ್ಟು ಬಿಟ್ಟಿಲ್ಲ, ಬಿಡೋದೂ ಬೇಡ. ಎರಡು ರಾಜ್ಯಕ್ಕೂ ಮೇಲೆ ಒಂದು ಸುಪ್ರೀಂ ಕೋರ್ಟ್ ಇದೆ, ದೇಶಗಳ ನಡುವೆ ಅದಿಲ್ಲ ಅಂತ ವಾದ ಮಾಡಬಹುದು. ಅದಿಲ್ಲ ಅಂತಲೇ ಅಲ್ವಾ ಕೂತು ಮಾತಾಡೋ ಒಂದು ಖಾಯಂ ಜಾಗ ಹೆಚ್ಚು ಬೇಕಾಗಿರೋದು?

ಮುಂದಿನ ದೊಡ್ಡ ಪರೀಕ್ಷೆ ಗಂಗಾ ನೀರಿಂದು. 1996ರ ಡಿಸೆಂಬರ್‌ನಲ್ಲಿ ದೇವೇಗೌಡರು ಪ್ರಧಾನಿಯಾಗಿದ್ದಾಗ ಶೇಖ್ ಹಸೀನಾ ಜೊತೆ ಬಂಗಾಳದ ಫರಕ್ಕಾ ಅಣೆಕಟ್ಟಿನ ಹತ್ತಿರ ಗಂಗಾ ನೀರು ಹಂಚಿಕೆಗೆ 30 ವರ್ಷದ ಒಪ್ಪಂದ ಮಾಡಿದ್ರು, ಅದರ ಅವಧಿ 2026ರ ಡಿಸೆಂಬರ್‌ಗೆ ಮುಗಿಯುತ್ತೆ. ಒಬ್ಬ ಕನ್ನಡಿಗ ಪ್ರಧಾನಿ, ಅದೂ ನೀರಿನ ಜಗಳ ಅಂದ್ರೆ ಏನು ಅಂತ ಕಾವೇರಿಯಲ್ಲಿ ಕಂಡವರು, ಮಾಡಿದ ಒಪ್ಪಂದ ಇದು, ನಮ್ಮವರಿಗೆ ಇದರ ಬಗ್ಗೆ ಹೆಮ್ಮೆ ಇರ್ಬೇಕು. ಆ ಮಾತುಕತೆ ಚೆನ್ನಾಗಿ ಆದ್ರೆ ಉಳಿದದ್ದಕ್ಕೂ ದಾರಿ ಆಗುತ್ತೆ, ಕೆಟ್ಟರೆ ಬಾಂಗ್ಲಾ ಜೊತೆ ಇನ್ನೊಂದು ತಲೆಮಾರು ಮುನಿಸು.

ಹಾಗಾಗಿ ದಿಲ್ಲಿಯಲ್ಲಿರೋ ನಮ್ಮ ರಾಜ್ಯದ ಸಂಸದರಿಗೆ ನಿಮ್ಮ ಪತ್ರಿಕೆ ಮೂಲಕ ನಾನು ಕೇಳೋದು ಇಷ್ಟು. ಸಾರ್ಕ್ ಕೃಷಿ ಕೇಂದ್ರ, ಢಾಕಾದಲ್ಲೇ ಇರೋ ಪ್ರಾದೇಶಿಕ ಮಾನಕ ಸಂಸ್ಥೆ, ಕಸ್ಟಮ್ಸ್ ಅಧಿಕಾರಿಗಳ ಸಭೆ, ಇವಕ್ಕೆ ಶೃಂಗಸಭೆ ಆಗೋ ತನಕ ಕಾಯದೆ ಜೀವ ತುಂಬಿ. ಮೆಣಸು, ಅಡಿಕೆಯ ಮೂಲ ದೇಶದ ಸರ್ಟಿಫಿಕೇಟ್ ಎರಡೂ ಕಡೆಯ ಬಂದರು, ಗಡಿ ಠಾಣೆಯಲ್ಲಿ ಆನ್‌ಲೈನಲ್ಲಿ ತಾಳೆ ನೋಡೋ ವ್ಯವಸ್ಥೆ ಲಂಕಾ, ನೇಪಾಳ, ಭೂತಾನ್ ಜೊತೆ ಮೊದಲು ಮಾಡಿ. ರಫ್ತು ನಿಲ್ಲಿಸೋ ಮೊದಲು ನೋಟಿಸ್ ಕೊಡಿ. ಬೆಂಗಳೂರಿನ ಆಸ್ಪತ್ರೆಗಳಿಗೆ ಕಾಯಿಲೆ ಹಿಡ್ಕೊಂಡು ಬರೋ ಬಾಂಗ್ಲಾದೇಶದ ಬಡ ರೋಗಿಗೆ ವೀಸಾ ಕೊಡೋದನ್ನ ರಾಜಕೀಯದಿಂದ ದೂರ ಇಡಿ, ಆ ರೋಗಿ ವಾಪಸ್ ಹೋಗಿ ನಮ್ಮ ಬಗ್ಗೆ ಹೇಳೋ ನಾಲ್ಕು ಒಳ್ಳೆ ಮಾತನ್ನ ಯಾವ ರಾಯಭಾರ ಕಚೇರಿನೂ ಹೇಳೋಕಾಗಲ್ಲ.

ನಿಮ್ಮಲ್ಲೂ ಒಂದು ವಿನಂತಿ ಇದೆ ಸಂಪಾದಕರೇ. ನೆರೆದೇಶದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಬರೋದು ಅಲ್ಲಿ ಬೆಂಕಿ ಬಿದ್ದಾಗ ಮಾತ್ರ. ಕೊಲಂಬೊದಲ್ಲಿ ಅರಮನೆಗೆ ಜನ ನುಗ್ಗಿದ್ರೆ, ಢಾಕಾದಲ್ಲಿ, ಕಾಠ್ಮಂಡುವಿನಲ್ಲಿ ಸರ್ಕಾರ ಬಿದ್ರೆ ಮುಖಪುಟ, ಮಿಕ್ಕ ದಿನ ಏನೂ ಇಲ್ಲ. ವಾರಕ್ಕೊಂದು ದಿನ ಕೃಷಿ ಪುಟದಲ್ಲಿ ಶಿವಮೊಗ್ಗ, ಶಿರಸಿ, ಮಡಿಕೇರಿ ಧಾರಣೆ ಪಕ್ಕದಲ್ಲೇ ಕೊಲಂಬೊ ಮೆಣಸಿನ ಧಾರಣೆ, ಢಾಕಾ ಈರುಳ್ಳಿ ಧಾರಣೆನೂ ಹಾಕೋಕೆ ಆಗುತ್ತಾ ನೋಡಿ. ನಮ್ಮಂಥ ಬೆಳೆಗಾರರು ಅದನ್ನ ಮೊದಲು ಓದ್ತೀವಿ.

ಇಂತಿ,
ನಿಮ್ಮ ಓದುಗ, ಒಬ್ಬ ಬೆಳೆಗಾರ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ